ಮಾವ ಮಾಡಿದ ಉಪಕಾರ

ಗುರುವಾರ, ಮಾರ್ಚ್ ೧೪

ಮರಕ್ಕೆ ಗುದ್ದಿದ ನಮ್ಮ ವ್ಯಾನಿಗೆ ಇನ್ಶೂರೆನ್ಸ್ ಕಂಪನಿ ಬಿಡಿಗಾಸೂ ಕೊಡುವುದಿಲ್ಲವಂತೆ. ಅಮ್ಮನ ವೀಲ್‌ಚೇರ್ ಹತ್ತಿಸಲು ಹಿಂದಿನ ಸೀಟು ಕಿತ್ತು, ನೆಲ ತಗ್ಗಿಸಿದ್ದನ್ನು ಯಾರೂ ಅವರಿಗೆ ತಿಳಿಸಿಲ್ಲವಂತೆ.

ಯಾರೂ ಅಂದರೆ? ಸೋದರಮಾವನೇ ಅವರ ಏಜೆಂಟು. ಕೆಲಸ ಮುಗಿದ ದಿನವೇ ಅವನಿಗೆ ಹೇಳಿದ್ದೆ. ಇವತ್ತು ಹೋಗಿ ಕೇಳಿದರೆ ಆರಾಮಾಗಿ ಟೀ ಕುಡಿಯುತ್ತಿದ್ದ.

"ಹೇಳಿದ್ರೆ ಪ್ರೀಮಿಯಂ ಏರ್ತಿತ್ತು ಕಣೋ. ಅಕ್ಕನಿಗೆ ನಾಲ್ಕು ಕಾಸು ಉಳೀಲಿ ಅಂತ ನಾನೇ ಸುಮ್ನಾದೆ."

"ನಿನ್ನ ಉಳಿತಾಯಕ್ಕೆ ಬೆಂಕಿ ಹಾಕ."

"ಸ್ಕೂಲ್ ಬಿಟ್ಟೋನು ನಂಗೆ ಪಾಠ ಹೇಳ್ತೀಯಾ?"

"ಹೇಳಿದ ಮಾತು ಮುಟ್ಟಿಸೋಕೆ ಸ್ಕೂಲ್ ಯಾಕೆ ಬೇಕು ಮಾವ?"

ಮನೆಗೆ ಬಂದರೆ ಅಮ್ಮ ಅವನನ್ನೇ ವಹಿಸಿಕೊಂಡಳು. "ಪಾಪ, ನನ್ನ ತಮ್ಮ ಒಳ್ಳೇದಕ್ಕೇ ಮಾಡಿದ್ದು."

ಅದೇ ನನಗೆ ಅರಗುತ್ತಿಲ್ಲ. ಮೋಸ ಮಾಡಿದ್ದರೆ ಎರಡು ಬಾರಿಸಿ ಬರುತ್ತಿದ್ದೆ. ಒಳ್ಳೆಯದು ಮಾಡಲು ಹೋಗಿ ಮನೆ ಮುಳುಗಿಸಿದವನನ್ನು ಏನು ಮಾಡುವುದು?

ಅಪಘಾತ ಆದಾಗಿನಿಂದ ಅಮ್ಮನ ಟೈಲರಿಂಗ್ ಅಂಗಡಿ ಮುಚ್ಚಿದೆ. ಗಿರಾಕಿಗಳು ಬಟ್ಟೆ ವಾಪಸ್ ಕೇಳುತ್ತಿದ್ದಾರೆ.

"ಇನ್ನು ಅಂಗಡಿಗೆ ಹೇಗೋ ಹೋಗೋದು?" ಅಂದಳು.

"ನಾನು ಎತ್ಕೊಂಡು ಹೋಗ್ತೀನಿ."

ಅಮ್ಮ ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.