ಎಂಜಿನ್ ಅಕ್ಕನಿಗೆ, ಬಾಡಿ ನನಗೆ

ಮಾರ್ಚ್ 3, ಸಂಜೆ 5.30

ಎದುರುಮನೆಯವರ ಟೇಬಲ್ ಫ್ಯಾನ್ ಮುಗಿಯಿತು. ಬುಶ್ ಸವೆದಿತ್ತು, ಅಷ್ಟೇ. ಹೊಸದು ಹಾಕಿ, ಎರಡು ಹನಿ ಎಣ್ಣೆ ಬಿಟ್ಟು, ನನ್ನ ಮುಖಕ್ಕೇ ತಿರುಗಿಸಿಕೊಂಡು ಒಂದು ಗಂಟೆ ಓಡಿಸಿದೆ. ಟೆಸ್ಟಿಂಗ್‌ಗೆ ಹತ್ತು ನಿಮಿಷ ಸಾಕು. ಉಳಿದ ಐವತ್ತು ನಿಮಿಷ ಸುಮ್ಮನೆ. ಗ್ಯಾರೇಜಿನಲ್ಲಿ ಏನಾದರೊಂದು ಸದ್ದು ಇದ್ದರೆ ವಾಸಿ.

ಶಟರ್ ಎಂದಿನಂತೆ ಅರ್ಧ ಇಳಿಸಿದ್ದೆ. ಪೂರ್ತಿ ಎತ್ತಿದರೆ ಹೋಗುವವರೆಲ್ಲ ಇಣುಕಿ ಮಾತಾಡಿಸುತ್ತಾರೆ. ಪೂರ್ತಿ ಇಳಿಸಿದರೆ ಯಾರೂ ಇಣುಕುವುದಿಲ್ಲ, ಅದೂ ಬೇಡ. ಅರ್ಧವಾದರೆ ಕಾಲುಗಳು ಮಾತ್ರ ಕಾಣುತ್ತವೆ. ಈ ಬೀದಿಯವರ ಕಾಲುಗಳೆಲ್ಲ ನನಗೆ ಪರಿಚಯ. ಮುಖಗಳು ಅಷ್ಟಕ್ಕಷ್ಟೆ.

ಆಮೇಲೆ ಬೈಕಿಗೆ ಹೊದಿಸಿದ್ದ ಬೆಡ್‌ಶೀಟ್ ಸರಿಸಿ ಹಿಂದಿನ ಮಡ್‌ಗಾರ್ಡ್‌ಗೆ ಪಾಲಿಶ್. ಈ ವಾರ ಮೂರನೇ ಸಲ. ಮುಖ ನೋಡಿಕೊಳ್ಳಬಹುದು ಈಗ ಅದರಲ್ಲಿ. ನೋಡಿಕೊಂಡೆ. ಗಡ್ಡ ಬಿಳಿಯಾಗಿದೆ.

ಮಾರ್ಚ್ 5, ಸಂಜೆ 6

ಆಸ್ಪತ್ರೆಯಲ್ಲಿ ಇವತ್ತು ಎರಡು ವೀಲ್‌ಚೇರ್, ಒಂದು ಮಂಚದ ಚಕ್ರ. ಮೇಂಟೆನೆನ್ಸ್ ರೂಮಿಗೆ ಬೀಗ ಹಾಕಿ ಹೊರಡುವಾಗ ವಾರ್ಡ್ ಸಿಸ್ಟರ್ ಕೇಳಿದರು, "ಯಾರು ಕಾಯ್ತಿರ್ತಾರೆ ಅಂತ ದಿನಾ ಇಷ್ಟು ಗಡಿಬಿಡೀಲಿ ಹೊರಡ್ತೀರಿ?"

"ಬೈಕು" ಅಂದೆ.

"ಬೈಕ್ ಇದ್ದೂ ಬಸ್ಸಲ್ಲಿ ಬರ್ತೀರಲ್ಲ."

"ಅದಕ್ಕೆ ಎಂಜಿನ್ ಇಲ್ಲ."

ಸಿಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ನಗು ಬರಲಿಲ್ಲ. ನಿಜವನ್ನೇ ಹೇಳಿದ್ದೆ.

ಒಂಬತ್ತು ವರ್ಷದ ಹಿಂದೆ ಅಪ್ಪ ಹೋದಾಗ ಪಾತ್ರೆ, ಬೀರು, ಟೂಲ್ ಬಾಕ್ಸ್ ಎಲ್ಲ ನಗುನಗುತ್ತ ಹಂಚಿಕೊಂಡೆವು, ಅಕ್ಕ ಮತ್ತು ನಾನು. ಅಪ್ಪನ ಬೈಕಿಗೆ ಬಂದಾಗ ಹಂಚಿಕೆ ನಿಂತಿತು. ಅಪ್ಪನ ವರ್ಕ್‌ಶಾಪಿನಲ್ಲಿ ಎಂಜಿನ್ ಕೆಲಸ ಅಕ್ಕನದು, ಬಾಡಿ ಮತ್ತು ಪೇಂಟ್ ನನ್ನದು. ಆ ಎಂಜಿನ್ ನಾನು ಕಟ್ಟಿದ್ದು ಎಂದಳು ಅವಳು. ಆ ಟ್ಯಾಂಕಿನ ಮೇಲಿನ ಗೆರೆ ನಾನು ಎಳೆದದ್ದು ಎಂದೆ ನಾನು. ಬೇಸತ್ತ ಭಾವ ತಮಾಷೆಗೆ ಅಂದರು, "ಹಾಗಾದ್ರೆ ಅರ್ಧರ್ಧ ಮಾಡ್ಕೊಳ್ಳಿ." ಅವರು ಅಂದದ್ದು ತಮಾಷೆಗೆ. ಸಂಜೆಯೊಳಗೆ ಅಕ್ಕ ಬೋಲ್ಟ್ ಬಿಚ್ಚಿ, ಎಂಜಿನ್ನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋದಳು. ತಡೆಯಲಿಲ್ಲ ನಾನು. ಸ್ಪ್ಯಾನರ್ ಎತ್ತಿಕೊಟ್ಟೆ ಬೇರೆ.

ಅವತ್ತಿನಿಂದ ಮಾತಿಲ್ಲ. ಇಬ್ಬರಲ್ಲಿ ಯಾರ ಗಾಡಿಯೂ ಓಡಿಲ್ಲ.

ಮಾರ್ಚ್ 11, ಸಂಜೆ 7

ಭಾವ ಫೋನ್ ಮಾಡಿದ್ದರು. ಮೊದಲು ಹವಾಮಾನ ಕೇಳಿದರು. ಹವಾಮಾನ ಕೇಳಲು ಫೋನ್ ಮಾಡುವವರಲ್ಲ ಅವರು.

"ನಿಮ್ಮಕ್ಕಂಗೆ ಕೈ ನಡುಕ ಶುರುವಾಗಿದೆ ಕಣೋ. ಎರಡೂ ಕೈ. ವಾಸಿಯಾಗೋದಲ್ಲವಂತೆ, ಹೋಗ್ತಾ ಹೋಗ್ತಾ ಜಾಸ್ತಿ ಅಂತೆ."

ಅವರೇ ಮುಂದುವರಿಸಿದರು. ಹಿಂದಿನ ರೂಮಿನಲ್ಲಿ ಮರದ ಸ್ಟ್ಯಾಂಡ್ ಮಾಡಿ ಎಂಜಿನ್ ಕೂರಿಸಿಟ್ಟಿದ್ದಾಳಂತೆ. ಪ್ರತಿ ಭಾನುವಾರ ಸ್ಟಾರ್ಟ್ ಮಾಡಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಾಳಂತೆ. ಮನೆ ತುಂಬ ಹೊಗೆ. ಈಗ ಎರಡು ತಿಂಗಳಿಂದ ಅದೂ ಇಲ್ಲ. ಕಿಡಿ ಹಾರಿಸುವ ಪಾಯಿಂಟ್‌ಗಳ ನಡುವೆ ಕೂದಲೆಳೆಯಷ್ಟು ಸಂದು, ಆ ಪಾಯಿಂಟ್ ಗ್ಯಾಪ್ ಸೆಟ್ ಮಾಡುವಷ್ಟು ಕೈ ನಿಲ್ಲುವುದಿಲ್ಲ.

"ಬೈಕಿಗೆ ಕೂರಿಸಿಬಿಡೋ. ಒಂದು ಸಲ ಹಿಂದಿನ ಸೀಟಲ್ಲಿ ಕೂತು ಹೋಗ್ಬೇಕು ಅಂತಾಳೆ. ನಂಗಲ್ಲ, ಗೋಡೆಗೆ ಹೇಳ್ತಾಳೆ. ನಾನು ಫೋನ್ ಮಾಡಿದ್ದು ಗೊತ್ತಾದ್ರೆ ನನ್ನ ಗ್ರಹಚಾರ ಬಿಡಿಸ್ತಾಳೆ."

"ತನ್ನಿ ಭಾವ" ಅಂದೆ.

"ಏಪ್ರಿಲ್ ಹತ್ತು, ಭಾನುವಾರ. ಆಗುತ್ತಾ?"

ಆಗುತ್ತೆ ಅಂದೆ. ಫೋನ್ ಇಟ್ಟ ಮೇಲೆ ಬೆಡ್‌ಶೀಟ್ ಪೂರ್ತಿ ಎತ್ತಿ, ಟಾರ್ಚ್ ಹಿಡಿದು ಬೈಕಿನ ಕೆಳಗೆ ಮಲಗಿದೆ. ಇಲ್ಲವೆಂದು ಗೊತ್ತಿದ್ದೂ, ಇರಬಹುದೇನೋ ಎನ್ನುವಂತೆ ಹುಡುಕಿದೆ. ಎಂಜಿನ್ ಕೂರುವ ಜಾಗದಲ್ಲಿ ಅದನ್ನು ಹಿಡಿಯುವ ಕಿವಿಗಳಿಲ್ಲ.

ಮಾರ್ಚ್ 12, ಬೆಳಿಗ್ಗೆ 6

ಬರೆದುಬಿಡುತ್ತೇನೆ. ಇಲ್ಲಿ ಅಲ್ಲದೆ ಇನ್ನೆಲ್ಲಿ.

ಚಾಸಿಗೆ, ಅಂದರೆ ಬೈಕಿನ ಚೌಕಟ್ಟಿಗೆ, ಮೂರು ಕಡೆ ದಪ್ಪ ಕಬ್ಬಿಣದ ತುಂಡುಗಳನ್ನು ಬೆಸೆದಿತ್ತು, ಎಂಜಿನ್ನಿನ ಬೋಲ್ಟುಗಳು ಅವುಗಳ ತೂತಿನಲ್ಲೇ ಹಾದುಹೋಗಬೇಕು. ಅಪ್ಪ ಅವನ್ನು ಕಿವಿ ಎನ್ನುತ್ತಿದ್ದರು. ಏಳು ವರ್ಷದ ಹಿಂದೆ ಹಟಕ್ಕೆ ಬಿದ್ದು ಗುಜರಿಯಿಂದ ಬೇರೆ ಎಂಜಿನ್ ತಂದೆ. ಅವಳದಿಲ್ಲದೆಯೂ ಓಡಿಸಿ ತೋರಿಸುತ್ತೇನೆ ಎಂದು. ಅದು ಕೂರಲಿಲ್ಲ, ಕಿವಿಗಳು ಅಡ್ಡ ಬಂದವು. ಮೂರನ್ನೂ ಕೊಯ್ದೆ.

ಹಳೆಯ ಡೈರಿ ತೆಗೆದು ನೋಡಿದೆ. ಜೂನ್ 18. ಎರಡೇ ಸಾಲು. "ಕಿವಿ ಕೊಯ್ದದ್ದಾಯಿತು. ಕೊಯ್ಯುವಾಗ ಯಾರದೋ ಕಾಲು ಶಟರ್ ಆಚೆ ತುಂಬ ಹೊತ್ತು ನಿಂತಿದ್ದವು, ವಿಳಾಸ ಕೇಳುವವರಿರಬೇಕು, ತಲೆ ಎತ್ತಲಿಲ್ಲ."

ಆ ಎಂಜಿನ್ ಆಮೇಲೂ ಕೂರಲಿಲ್ಲ. ಬಂದ ದಾರಿಯಲ್ಲೇ ಗುಜರಿಗೆ ಹೋಯಿತು. ಕಿವಿಗಳೂ ಅದರ ಜೊತೆಗೇ ಹೋದವು. ಕೊಯ್ದ ಗುರುತನ್ನು ಉಜ್ಜಿ, ಪುಟ್ಟಿ ತುಂಬಿ, ನಾಲ್ಕು ಕೋಟ್ ಪೇಂಟ್ ಹೊಡೆದೆ. ಬೆರಳಾಡಿಸಿದರೂ ತಿಳಿಯುವುದಿಲ್ಲ. ಜೀವಮಾನದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಪೇಂಟ್ ಕೆಲಸ ಅದೇ. ನಾಚಿಕೆಯಾಗುತ್ತದೆ.

ಮಾರ್ಚ್ 19

ನಾಲ್ಕು ಗುಜರಿ ಅಂಗಡಿ ಸುತ್ತಿದೆ. ಅದೇ ಕಂಪನಿಯ ಹಳೆಯ ಚಾಸಿ ಒಂದು ಸಿಕ್ಕಿತು, ಅಳತೆ ತೆಗೆದೆ. ಮನೆಗೆ ಬಂದ ಮೇಲೆ ನೆನಪಾಯಿತು. ನಮ್ಮದರಲ್ಲಿ ಅಪ್ಪ ಎಂಜಿನ್ನನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೂರಿಸಿದ್ದರು, ಅಕ್ಕ ಅದಕ್ಕೆ ತಕ್ಕಂತೆ ಎಂಜಿನ್ನಿನ ಹೊರಗಿನ ಕೇಸಿಂಗ್ ಬದಲಾಯಿಸಿದ್ದಳು. ಎಲ್ಲಿಂದ ಎಷ್ಟು ಎನ್ನುವುದು ಆ ಎಂಜಿನ್ನಿಗೊಂದೇ ಗೊತ್ತು. ಒಂದು ಉಗುರಿನಷ್ಟು ಆಚೀಚೆಯಾದರೂ ಚೈನ್ ಸೊಟ್ಟ ಓಡುತ್ತದೆ.

ಅಳತೆ ಬೇಕು. ಅಳತೆ ಅಕ್ಕನ ಹತ್ತಿರ ಇದೆ.

ಮಾರ್ಚ್ 20

ಫೋನ್ ಮಾಡಲಿಲ್ಲ.

ಮಾರ್ಚ್ 22

ಮಾಡಲಿಲ್ಲ. ಎದುರುಮನೆಯವರ ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡಿದೆ. ಅವರು ಕೊಡದೆ ಇದ್ದರೂ ನಾನೇ ಹೋಗಿ ಕೇಳಿ ತಂದೆ.

ಮಾರ್ಚ್ 28, ಸಂಜೆ 6.15

ಮಾಡಿದೆ. ಭಾವ ಎತ್ತುತ್ತಾರೆ ಅಂದುಕೊಂಡಿದ್ದೆ. ಅವಳೇ ಎತ್ತಿದಳು.

"ಹೇಳು."

ಒಂಬತ್ತು ವರ್ಷ ಆದ ಮೇಲೆ ಇಷ್ಟೇ. ನಿನ್ನೆ ರಾತ್ರಿ ಊಟಕ್ಕೆ ಕರೆದು ನಾನು ಬಾರದೆ ಇದ್ದ ಹಾಗೆ.

"ಅಕ್ಕ... ಎಂಜಿನ್ನಿನ ಬೋಲ್ಟ್ ತೂತುಗಳ ಅಳತೆ ಬೇಕಿತ್ತು."

"ಯಾಕೆ? ಕಿವಿ ಎಲ್ಲಿ ಹೋದ್ವು?"

ಹೇಳಲು ಬಾಯಿ ತೆರೆದೆ. ಕೊಯ್ದೆ ಎನ್ನುವುದು ಎಷ್ಟು ದೊಡ್ಡ ಮಾತು. "ತುಕ್ಕು ಹಿಡಿದು ಹಾಳಾಗಿದ್ವು" ಅಂದುಬಿಟ್ಟೆ.

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು.

"ಸರಿ. ಕಳಿಸ್ತೀನಿ. ಊಟ ಆಯ್ತಾ?"

"ಇನ್ನೂ ಆರು ಗಂಟೆ, ಅಕ್ಕ."

"ಹೌದಲ್ವಾ" ಅಂದಳು, ಇಟ್ಟಳು. ನಾನು ಫೋನ್ ಕಿವಿಯಿಂದ ತೆಗೆಯಲಿಲ್ಲ, ಎಷ್ಟೋ ಹೊತ್ತು. ಐವತ್ತೆರಡು ವರ್ಷದವನು, ಅಕ್ಕನಿಗೆ ಸುಳ್ಳು ಹೇಳಿ ಶಾಲೆ ಹುಡುಗನ ಹಾಗೆ ಕೂತಿದ್ದೆ.

ಏಪ್ರಿಲ್ 2, ಸಂಜೆ 5.45

ಪಾರ್ಸೆಲ್ ಬಂತು. ದಪ್ಪ ರಟ್ಟು. ಎಂಜಿನ್ನಿನ ಹಿಂಬದಿ, ತಳ, ಮುಂದಿನ ಮೂಗು, ಮೂರನ್ನೂ ರಟ್ಟಿಗೆ ಒತ್ತಿಹಿಡಿದು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ತೂತುಗಳನ್ನು ಕೊರೆದು ತೆಗೆದಿದ್ದಾಳೆ. ಒಂದೊಂದರ ಪಕ್ಕ ಅಳತೆ. ಗೆರೆಗಳು ನೂಲು ಹಿಡಿದಷ್ಟು ನೇರ.

ನಡುಗುವ ಕೈಯಲ್ಲಿ ಇದು ಹೇಗೆ ಬಂತು ಎಂದು ತಿರುಗಿಸಿ ನೋಡಿದೆ. ಮೂಲೆಯಲ್ಲಿ ತಾರೀಖು ಇತ್ತು. ಏಳು ವರ್ಷದ ಹಿಂದಿನದು. ಜೂನ್ 18.

ಅದರ ಕೆಳಗೆ ಹೊಸದಾಗಿ, ಬಾಲ್‌ಪೆನ್ನಿನಲ್ಲಿ, ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡು... ಮೂರು ಸಲ ಓದಬೇಕಾಯಿತು.

"ನೀನು ಪೇಂಟ್ ಹೊಡೆದ ಗಾಡಿಗೆ ತುಕ್ಕು ಹಿಡಿಯುತ್ತಾ ಪುಟ್ಟು? ಬೇರೆ ಸುಳ್ಳು ಹುಡುಕು."

ಏಪ್ರಿಲ್ 3, ಸಂಜೆ

ಬೆಳಿಗ್ಗೆಯೇ ಭಾವನಿಗೆ ಫೋನ್ ಮಾಡಿ ಜೂನ್ 18ರ ವಿಷಯ ಕೇಳಿದೆ.

"ಅವತ್ತು ಬಂದಿದ್ವಿ ಕಣೋ. ಎಂಜಿನ್ ಕಾರಲ್ಲೇ ಇತ್ತು. ಸಾಕು ಈ ಹಟ, ಅವನಿಗೇ ಕೊಟ್ಟುಬಿಡ್ತೀನಿ ಅಂತ ಅವಳೇ ಹೊರಡಿಸಿದ್ದು. ನಾನು ಕಾರಲ್ಲಿ ಕೂತಿದ್ದೆ. ನಿನ್ನ ಶಟರ್ ಅರ್ಧ ಇಳಿದಿತ್ತಂತೆ. ಗರಗಸದ ಸದ್ದು ಕೇಳಿಸ್ತಂತೆ. ಬಗ್ಗಿ ನೋಡಿದ್ಲಂತೆ. ಬಂದು ಕಾರಲ್ಲಿ ಕೂತು, ನಡೀರಿ ಮನೆಗೆ ಅಂದ್ಲು."

"ಕೂಗಬಹುದಿತ್ತಲ್ಲ."

"ನಾನೂ ಅದನ್ನೇ ಅಂದೆ. ಕೊಯ್ಯೋನ ಕೈ ತಪ್ಪುತ್ತೆ, ಕೂಗಬಾರದು ಅಂದ್ಲು. ಮನೆಗೆ ಬಂದವಳೇ ರಟ್ಟು ತಗೊಂಡು ಕೂತ್ಲು. ಒಂದಿನ ಕೇಳಿಕೊಂಡು ಬರ್ತಾನೆ, ಆಗ ವಯಸ್ಸಾಗಿ ನನ್ನ ಕೈ ಹೇಗಿರುತ್ತೋ ಅಂತ."

ಆಸ್ಪತ್ರೆಯ ಭಾನುವಾರದ ಡ್ಯೂಟಿಗೆ ರಜೆ ಹೇಳಿದೆ. ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತು ಅತ್ತೆ. ಬೇರೇನೂ ಮಾಡಲಿಲ್ಲ ಇವತ್ತು. ಈ ಬೀದಿಯ ಎಲ್ಲರ ಕಾಲೂ ಗೊತ್ತು ಎಂದು ಜಂಬ ಪಡುವವನು... ಸ್ವಂತ ಅಕ್ಕನ ಕಾಲು ಗೊತ್ತಾಗಲಿಲ್ಲ. ಏಳು ವರ್ಷ ರಟ್ಟು ಅಲ್ಲಿ ಕಾಯುತ್ತಿತ್ತು, ಇಲ್ಲಿ ನಾನು ಮಡ್‌ಗಾರ್ಡ್ ಉಜ್ಜುತ್ತಿದ್ದೆ.

ಏಪ್ರಿಲ್ 8, ಸಂಜೆ 6

ವೆಲ್ಡಿಂಗ್‌ನವರು ಬಂದಿದ್ದರು. ಮೂರು ಹೊಸ ಕಿವಿಗಳನ್ನು ರಟ್ಟಿನ ಅಳತೆಗೆ ನಾನೇ ಕೊಯ್ದು, ಕೊರೆದು ಇಟ್ಟಿದ್ದೆ. ಬೆಸೆಯುವ ಮುಂಚೆ ಪುಟ್ಟಿ ಪೇಂಟ್ ಎಲ್ಲ ಕೆರೆದು ಹಾಕಬೇಕಾಯಿತು. ನನ್ನ ಹೆಮ್ಮೆಯ ನಾಲ್ಕು ಕೋಟ್. ಕಾಲು ಗಂಟೆಯಲ್ಲಿ ಪುಡಿಯಾಗಿ ನೆಲಕ್ಕೆ ಬಿತ್ತು.

"ಈ ಬೆಸುಗೆ ಉಜ್ಜಿ ಪೇಂಟ್ ಹೊಡೀರಿ, ಗೊತ್ತೇ ಆಗಲ್ಲ" ಎಂದರು ಹೋಗುವಾಗ.

ಹೊಡೆಯುವುದಿಲ್ಲ. ಬೆಸುಗೆ ಗಂಟು ಗಂಟಾಗಿ ಕಾಣುತ್ತಿದೆ. ಕಾಣಲಿ.

ಏಪ್ರಿಲ್ 9

ಸ್ಟೂಲು ಒಂದೇ ಇದೆ ಎನ್ನುವುದು ಇವತ್ತು ಗಮನಕ್ಕೆ ಬಂತು. ಎದುರುಮನೆಯಿಂದ ಎರಡು ಕುರ್ಚಿ ಕೇಳಿ ತಂದೆ. "ನೆಂಟರು ಬರ್ತಿದ್ದಾರಾ?" ಎಂದರು ಅವರು, ನಂಬದವರ ಹಾಗೆ. "ನಮ್ಮಕ್ಕ" ಅಂದೆ. ಆ ಮಾತನ್ನು ಯಾರಿಗಾದರೂ ಹೇಳಿ ವರ್ಷಗಳೇ ಆಗಿದ್ದವು. ಬಾಯಲ್ಲಿ ಚೆನ್ನಾಗಿತ್ತು.

ಏಪ್ರಿಲ್ 10, ಬೆಳಿಗ್ಗೆ 9.40

ಎಂಜಿನ್ ತಗೊಂಡು ಇಬ್ಬರೂ ಹತ್ತಕ್ಕೆ ಬರುತ್ತೇವೆ ಎಂದಿದ್ದಾರೆ ಭಾವ. ನೆಲ ಗುಡಿಸಿದೆ. ಸ್ಪ್ಯಾನರ್‌ಗಳನ್ನು ಸಾಲಾಗಿ ಜೋಡಿಸಿದೆ. ಪಾಯಿಂಟ್ ಗ್ಯಾಪ್ ಸೆಟ್ ಮಾಡುವುದು ನನಗೆ ಬರುವುದಿಲ್ಲ. ಅವಳು ಕುರ್ಚಿಯಲ್ಲಿ ಕೂತು ಹೇಳಬೇಕು, ನಾನು ಮಾಡಬೇಕು. ಬಯ್ಯುತ್ತಾಳೆ. ಬಯ್ಯಲಿ.

ಬಂದ ಕೂಡಲೇ, ಅವಳು ಕೂರುವ ಮುಂಚೆಯೇ ಹೇಳಿಬಿಡಬೇಕು. ಗೊತ್ತಿದ್ದರೂ ಸರಿ, ನನ್ನ ಬಾಯಿಂದ ಬರಬೇಕು. ಅಕ್ಕ, ನಾನೇ ಕೊಯ್ದೆ. ಬೆಳಿಗ್ಗೆಯಿಂದ ಸ್ನಾನದ ಮನೆಯಲ್ಲಿ, ಕನ್ನಡಿ ಎದುರು, ಹತ್ತು ಸಲ ಹೇಳಿ ನೋಡಿದೆ. ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಕೈ ಸುಮ್ಮನಿರಲಿ ಎಂದು ಇದನ್ನು ಬರೆಯುತ್ತ ಕೂತಿದ್ದೇನೆ.

ಕಾರಿನ ಸದ್ದು. ಬಾಗಿಲು ಹಾಕಿದ ಸದ್ದು... ಒಂದೇ ಬಾಗಿಲು. ಭಾವ ಇನ್ನೂ ಇಳಿದಿಲ್ಲ.

ಅಯ್ಯೋ. ಶಟರ್ ಅರ್ಧ ಇಳಿಸಿಯೇ ಇದ್ದೇನೆ. ಅಭ್ಯಾಸ.

ಆಚೆ ಎರಡು ಕಾಲು. ಕಂದು ಚಪ್ಪಲಿ, ಎಡಗಾಲು ಸ್ವಲ್ಪ ಒಳಕ್ಕೆ ತಿರುಗಿದೆ, ಚಿಕ್ಕಂದಿನಿಂದ ಹಾಗೇ. ನಿಂತಿವೆ. ಕೂಗುತ್ತಿಲ್ಲ. ಒಳಗೆ ಏನು ಸದ್ದು ಎಂದು ಕೇಳಿಸಿಕೊಳ್ಳುತ್ತಿದ್ದಾಳೆ. ಒಂದು ಕಾಲು ಹಿಂದಕ್ಕೆ

ಅಕ್ಕ ನಿಲ್ಲು ಎಂದು ಕೂಗಿ ಶಟರ್ ಎತ್ತ