ಖಾಲಿ ಉಳಿದ ಮಾತ್ರೆ

ಕಲ್ಲಿನಂಗಡಿಯಿಂದ
ಹದಿನೇಳನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಮಗಳೇ,

ಕೆಮ್ಮು ಇಳಿಯಿತೇ? ಪಾಠ ಹೇಳುವವಳಿಗೆ ಗಂಟಲೇ ಬಂಡವಾಳ, ಹಠ ಮಾಡದೆ ಔಷಧಿ ಕುಡಿ. ಇಲ್ಲಿ ನನ್ನ ಮೊಣಕಾಲು ಬಿಟ್ಟರೆ ಉಳಿದ ಮೈಯೆಲ್ಲ ಹೇಳಿದ ಮಾತು ಕೇಳುತ್ತಿದೆ.

ತಮ್ಮನ ಮೇಲೆ ನೀನು ಬರೆದ ಚರಮಗೀತೆ ತಲುಪಿತು. ದೋಣಿ ಮಗುಚಿ ವರ್ಷವಾಯಿತು, ದೇಹ ಸಿಗದಿದ್ದರೂ ಅವನ ಹೆಸರಿಗೊಂದು ಕಲ್ಲು ನಿಲ್ಲಲಿ ಅಂದಿದ್ದೀಯ. ಛಂದಸ್ಸು ಹೇಗಿದೆ ಅಂತಲೂ ಕೇಳಿದ್ದೀಯ. ಊರವರ ದುಃಖವನ್ನೆಲ್ಲ ಅಳತೆ ಹಾಕಿ ಕೆತ್ತಿ ಹೊಟ್ಟೆ ಹೊರೆದವನು ನಾನು, ಮುಲಾಜಿಲ್ಲದೆ ಹೇಳುತ್ತೇನೆ. "ಕದವ ತೆರೆದಿಟ್ಟೆವೋ ತಮ್ಮಾ, ಎದುರು ಬಾಗಿಲ ನೆರಳೆ ತಮ್ಮಾ." ಎರಡನೇ ಅಕ್ಷರದ ಪ್ರಾಸ ಎಲ್ಲೂ ಜಾರಿಲ್ಲ. ಐದೈದು ಮಾತ್ರೆಯ ನಡೆ ಸೊಗಸಾಗಿದೆ. ಆದರೆ ಪ್ರತಿ ಸಾಲೂ 'ತಮ್ಮಾ' ಅಂತ ನಾಲ್ಕಕ್ಕೇ ನಿಂತು, ಕೊನೆಗೆ ಒಂದು ಮಾತ್ರೆ ಖಾಲಿ ಉಳಿಯುತ್ತದೆ. ಬಿಕ್ಕಿದ ಹಾಗೆ ಕೇಳಲಿ ಅಂತ ನಿನ್ನ ಲೆಕ್ಕವಿರಬೇಕು. ನನ್ನ ತಕರಾರು ಭಾವದ ಬಗ್ಗೆ. ಚರಮಗೀತೆ ಹೋದವರನ್ನು ಕಳಿಸಿಕೊಡಬೇಕು. ನಿನ್ನದು ಕೂಗಿ ಕರೆದು, ಉತ್ತರಕ್ಕೆ ಜಾಗ ಬಿಟ್ಟು ಕಾಯುತ್ತದೆ.

ನನ್ನ ಪದ್ಧತಿ ನಿನಗೆ ಗೊತ್ತಲ್ಲ, ಕೆತ್ತುವ ಮೊದಲು ಸಾಲನ್ನು ಗಟ್ಟಿಯಾಗಿ ಓದುತ್ತಾ ಮಾತ್ರೆಗೊಂದರಂತೆ ಬರಿಗಲ್ಲಿನ ಮೇಲೆ ಸುತ್ತಿಗೆ ಆಡಿಸುತ್ತೇನೆ. ಸಾಲು ಮುಗಿದಾಗ ನಿನ್ನ ತಮ್ಮ ಹಿಂದಿನ ಶೆಡ್ಡಿನಿಂದ ತನ್ನ ಕಲ್ಲಿಗೆ ಒಂದೇ ಪೆಟ್ಟು ಹಾಕುತ್ತಿದ್ದ, ಆಯ್ತಪ್ಪಾ, ಮುಂದಕ್ಕೆ ಹೋಗು ಅನ್ನುವಂತೆ. ಮೊನ್ನೆ ಮೊದಲ ಸಾಲು ಓದಿ ಸುಮ್ಮನಾದೆ. ಆ ಖಾಲಿ ಮಾತ್ರೆಯಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಶೆಡ್ಡಿನಿಂದ ಪೆಟ್ಟು ಬಿತ್ತು. ಎರಡನೇ ಸಾಲಿಗೂ ಬಿತ್ತು. ಹೋಗಿ ನೋಡಿದರೆ ಅವನ ಸುತ್ತಿಗೆ ಮೊಳೆಯಲ್ಲೇ ನೇತಾಡುತ್ತಿತ್ತು. ಅವನ ಕಲ್ಲಿನ ಮೇಲಿನ ಧೂಳು ಮಾತ್ರ ಒಂದು ಕಡೆ ಊದಿ ಹಾರಿಸಿದಂತೆ ಹೋಗಿತ್ತು. ತಗಡು ಬಿಸಿಲಿಗೆ ಹಿಗ್ಗಿ ಸದ್ದು ಮಾಡಿರಬೇಕು ಅಂದುಕೊಂಡೆ. ತಗಡಿಗೆ ಛಂದಸ್ಸು ಕಲಿಸಿದವರು ಯಾರು ಅನ್ನುವುದು ಬೇರೆ ಮಾತು.

ಕಲ್ಲಿಗೆ ಇನ್ನೂ ಉಳಿ ಹಚ್ಚಿಲ್ಲ. ಹೊತ್ತುಹೊತ್ತಿಗೆ ಊಟ ಮಾಡು, ಅಳಿಯಂದಿರನ್ನು ಕೇಳಿದೆ ಅಂತ ಹೇಳು. ಇಬ್ಬರೂ ತಣ್ಣಗಿರಿ.

ನಿನ್ನ ಅಪ್ಪ

ಅವಸರದಲ್ಲಿ: ನಿನ್ನ ಪದ್ಯದ ಹಾಳೆ ಅಮ್ಮನ ಕೈಗೆ ಸಿಕ್ಕಿದೆ. ನಿನ್ನೆಯಿಂದ ಶೆಡ್ಡಿನಲ್ಲೇ ಕೂತು ಒಂದೊಂದೇ ಸಾಲು ಓದುತ್ತಾಳೆ, ಸುಮ್ಮನಾಗುತ್ತಾಳೆ, ನಗುತ್ತಾಳೆ. ಊಟಕ್ಕೆ ಕರೆದರೆ, "ಸ್ವಲ್ಪ ತಡೀರಿ, ಅವನದಿನ್ನೂ ಮುಗಿದಿಲ್ಲ" ಅನ್ನುತ್ತಾಳೆ. ಪೆಟ್ಟು ನನಗೂ ಕೇಳಿಸುತ್ತದೆ ಅಂತ ಅವಳಿಗೆ ಹೇಳಿಲ್ಲ. ಹೇಳಿದರೆ ಅಲ್ಲಿಂದ ಏಳುವುದೇ ಇಲ್ಲ. ಈ ಪತ್ರ ಕೈಸೇರಿದ ಕೂಡಲೇ ಪದ್ಯ ತಿದ್ದಿ ಕಳಿಸು. 'ತಮ್ಮಾ' ತೆಗೆದುಬಿಡು. ಕೊನೆಯ ಮಾತ್ರೆಯನ್ನೂ ತುಂಬು ಮಗಳೇ, ಉಸಿರಾಡುವಷ್ಟೂ ಸಂದು ಬಿಡಬೇಡ.