ನೀವು ಬದಲಿಸದೆ ಬಿಟ್ಟ ಪಾಸ್‌ವರ್ಡ್

ಗದಗ
ಎರಡನೆಯ ಆಷಾಢದ ಮೂವತ್ತಾರನೆಯ ದಿನ, ೨೧೯೧

ಹಿರಿಯರಿಗೆ,

ಇಂಥ ದಿನ ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಬಲ್ಲೆ. ಮಳೆಗಾಲ ಹಿಗ್ಗಿದ ಮೇಲೆ ನಮ್ಮ ತಿಂಗಳುಗಳೂ ಹಿಗ್ಗಿದವು. ನಿಮಗೆ ಗೊತ್ತಿಲ್ಲದ ಪದಗಳು ನಡುವೆ ನುಸುಳಿದರೆ ಮನ್ನಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ. ಉಳಿದುದಕ್ಕೆ ಕೇಳಬೇಕಾದವರು ನೀವು.

ಇದು ಹಿನ್ನಂಚೆಯಲ್ಲಿ ಬರುತ್ತಿರುವ ಕಾಗದ. ಹಿನ್ನಂಚೆ ಎಂದರೆ ಕಾಲಕ್ಕೆ ಎದುರಾಗಿ ಹೋಗುವ ಅಂಚೆ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಬೇರೆಯವರು ತೀರಿಹೋದ ತಮ್ಮವರಿಗೆ ಬರೆಯುತ್ತಾರೆ. ನನ್ನ ಪಾಲಿನದನ್ನು ನಾನು ನಿಮ್ಮನ್ನು ಬೈಯಲು ಬಳಸುತ್ತಿದ್ದೇನೆ.

ನನ್ನ ಹೆಸರು ರುದ್ರಾಣಿ ಹಡಪದ. ನಮ್ಮವ್ವ ಗಂಗಾಂಬಿಕೆ ಹೆರಿಗೆ ಡಾಕ್ಟರು. ಅವಳು ಕೆಲಸ ಮಾಡುತ್ತಿದ್ದುದು ನಮ್ಮ ಅಡಿಗೆಮನೆಯ ಮೇಜಿನಿಂದ, ದೂರಗೈಯಲ್ಲಿ. ಒಂದು ಕಡೆ ಕೂತು ಇನ್ನೆಲ್ಲೋ ಇರುವ ಯಂತ್ರವನ್ನು ನಡೆಸುವುದಕ್ಕೆ ನಾವು ಹಾಗೆನ್ನುತ್ತೇವೆ. ಆಫೀಸಿನ ಕಂಪ್ಯೂಟರನ್ನು ನೀವು ಮನೆಯಿಂದಲೇ ತೆರೆಯುತ್ತೀರಲ್ಲ, ಅದರ ಮರಿಮಗಳು ಇದು. ಕಪ್ಪತಗುಡ್ಡದ ಊರುಗಳಿಗೆ ನಮ್ಮಲ್ಲಿ ಅರ್ಧ ವರ್ಷ ಗಾಡಿ ಹೋಗುವ ದಾರಿಯೇ ಇರುವುದಿಲ್ಲ. ಅಲ್ಲಿನ ಹೆರಿಗೆಕೋಣೆಯ ಯಂತ್ರವನ್ನು ಅವ್ವ ಇಲ್ಲಿಂದ ನಡೆಸುತ್ತಿದ್ದಳು. ಹೆರುವವಳಿಗೆ ನೋವು ಬಿಟ್ಟು ಬಿಟ್ಟು ಬರುವಾಗ ಎದ್ದು ಎರಡು ರೊಟ್ಟಿ ಬಡಿಯುತ್ತಿದ್ದಳು, ನೋವು ಬಿಗಿಯಾದರೆ ಹಿಟ್ಟಿನ ಕೈ ತೊಳೆದು ಬಂದು ಕೂರುತ್ತಿದ್ದಳು. ಗುಡ್ಡದ ಎಷ್ಟೋ ಮಕ್ಕಳು ಹೀಗೇ ಭೂಮಿಗೆ ಬಂದವರು.

ನಿಮ್ಮ ಮನೆಯ ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕೂತ ರೂಟರ್ ಇದೆಯಲ್ಲ, ನಮ್ಮ ಮನೆಗಳಲ್ಲಿರುವುದು ಅದರ ವಂಶದ್ದೇ. ಆದರೆ ಅದರ ಕೀಲಿ ನಮ್ಮ ಕೈಯಲ್ಲಿಲ್ಲ. ಯಾಕೆ ಗೊತ್ತೇ? ಬ್ರಾಡ್‌ಬ್ಯಾಂಡ್ ಹಾಕಲು ಬಂದವನು ‘ಪಾಸ್‌ವರ್ಡ್ ಬದಲಿ ಮಾಡ್ಕೋರಿ’ ಅಂದಾಗ ನೀವು ‘ಇರ್ಲಿ ಬಿಡೋ ಮಾರಾಯಾ, ನಮ್ಮ ಮನ್ಯಾಗ ಕದಿಯೂವಂಥಾದ್ದು ಏನೈತಿ?’ ಅಂದಿರಿ. ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ ಪಾಸ್‌ವರ್ಡು ಪೆಟ್ಟಿಗೆ ಹಾಳಾಗುವವರೆಗೂ ಹಾಗೇ ಇತ್ತು. ಆಫೀಸಿನ ಕಂಪ್ಯೂಟರಿಗೆ ಹೋಗುವ ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟು ಮಲಗಿದಿರಿ. ಈ ಜನ ಬೀಗ ಹಾಕುವವರಲ್ಲ ಎಂದು ಕಂಪನಿಗಳಿಗೆ ಅರ್ಥವಾಯಿತು. ಕೀಲಿ ನಾವೇ ಇಟ್ಟುಕೊಳ್ಳುತ್ತೇವೆ ಅಂದವು. ನಿಮ್ಮ ಮಕ್ಕಳು ಉಪಕಾರವಾಯಿತು ಅಂದರು. ಮೊಮ್ಮಕ್ಕಳ ಕಾಲಕ್ಕೆ ಇಡೀ ಜಿಲ್ಲೆಗೆ ಒಂದೇ ಕೀಲಿ. ಅದನ್ನು ಬದಲಿಸುವುದು ಈಗ ಅಪರಾಧ. ಆ ಕಾನೂನಿನ ಹೆಸರು ಅನುಕೂಲ ಕಾಯ್ದೆ.

ಆ ಜಿಲ್ಲೆಯ ಕೀಲಿ ಒಮ್ಮೆ ಕಳುವಾಯಿತು.

ಮಟಮಟ ಮಧ್ಯಾಹ್ನ. ಗುಡ್ಡದ ಫಕೀರವ್ವನಿಗೆ ಚೊಚ್ಚಲ ಹೆರಿಗೆ. ಪಕ್ಕದಲ್ಲಿ ಅವಳ ನಾದಿನಿ ದುರ್ಗವ್ವ. ನೋವು ಬರಿಸುವ ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಹನಿ ಧಾರೆಯಾಯಿತು. ಅವ್ವ ಎರಡೂ ಕೈ ಮೇಲೆತ್ತಿದಳು. ಆದರೂ ಪರದೆಯ ಮೇಲೆ ಗುಡ್ಡದ ಯಂತ್ರದ ಕೈ ಆಡುತ್ತಲೇ ಇತ್ತು.

“ಡಾಕ್ಟ್ರವ್ವಾ, ಔಷಧ ಭಾಳ ಜೋರ್ ಬಿಟ್ಟೀರಲ್ರೀ! ಆಕಿ ಒದ್ದಾಡಾಕತ್ತಾಳ್ರೀ!”

“ನಾ ಅಲ್ಲ ದುರ್ಗವ್ವಾ! ಒಳಗ ಯಾರೋ ಹೊಕ್ಕಾರ! ವೈರ್ ಕಿತ್ತು ಒಗಿ!”

ದುರ್ಗವ್ವ ಕಿತ್ತೊಗೆದಳು. ಅದರೊಂದಿಗೆ ಅವ್ವನ ದನಿಯೂ ಹೋಯಿತು. ಕಪ್ಪು ಪರದೆಯ ಮುಂದೆ ಅವ್ವ ಒಬ್ಬಳೇ ಕೂಗುತ್ತಿದ್ದಳು: “ಹೊಟ್ಟಿ ಒತ್ತಬ್ಯಾಡ... ಆಕೀನ ಎಡಕ್ಕ ಹೊರಳಸು...” ಕೇಳುವವರು ಯಾರೂ ಇರಲಿಲ್ಲ. ಮರುದಿನ ಗುಡ್ಡ ಇಳಿದು ಬಂದವನೊಬ್ಬ ಸುದ್ದಿ ತಂದ. ಕೂಸು ಉಳಿದಿತ್ತು. ಫಕೀರವ್ವ ಉಳಿದಿರಲಿಲ್ಲ.

ಒಳಹೊಕ್ಕವರಿಗೆ ಫಕೀರವ್ವನ ಮೇಲೆ ದ್ವೇಷವಿತ್ತೇ? ಅವಳಿದ್ದಾಳೆಂದೇ ಅವರಿಗೆ ತಿಳಿದಿರಲಿಲ್ಲ. ತೆರೆದ ಬಾಗಿಲು ಕಂಡಿತು, ಹೊಕ್ಕರು. ಕೈಗೆ ಸಿಕ್ಕಿದ್ದನ್ನು ತಿರುವಿದರು. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ವಿಚಾರಣೆಗೆ ಬಂದ ಕಂಪನಿಯವನು ನಮ್ಮ ಮನೆಯಲ್ಲೇ ನೀರು ಕುಡಿದು, “ಪೆಟ್ಟಿಗಿ ನಿಮ್ಮ ಮನ್ಯಾಗ ಐತ್ರಿ. ಜವಾಬ್ದಾರಿ ನಿಮ್ದ,” ಅಂದ.

“ಕೀಲಿ ನಿಮ್ಮ ಕೈಯಾಗ, ಹೆಣ ನನ್ನ ಕೊಳ್ಳಾಗೇನು?” ಅಂದಳು ಅವ್ವ.

ಅವನು ಹೋದ ಮೇಲೆ ಅವಳು ಕಾಯ್ದೆ ಮುರಿದಳು. ಪೆಟ್ಟಿಗೆಯ ಕೀಲಿಯನ್ನು ತನ್ನದೇ ಮಾಡಿಕೊಂಡಳು. ಬೇರೆಯವರು ಕಾಲಿಡಲಾಗದ ಸುರಂಗದಾರಿಯೊಂದನ್ನು, ನೀವು ವಿಪಿಎನ್ ಅನ್ನುವುದನ್ನು, ಗುಡ್ಡದ ಯಂತ್ರದವರೆಗೆ ತೋಡಿದಳು. ದೂರಗೈ ತೆರೆಯುವಾಗೆಲ್ಲ ಪಾಸ್‌ವರ್ಡಿನ ಜೊತೆ ಎರಡನೆಯ ಗುರುತು ಕೇಳುವಂತೆ ಮಾಡಿದಳು. ಇದೆಲ್ಲ ನಿಮ್ಮ ಕಾಲದಲ್ಲೇ ಇತ್ತು, ಕೈಯಳತೆಯಲ್ಲೇ ಇತ್ತು. ಅದಕ್ಕೇ ನನಗೆ ಮೈ ಉರಿಯುತ್ತದೆ. ಆ ದಾರಿಯಲ್ಲಿ ಅವ್ವ ಅವಳಿ ಮಕ್ಕಳನ್ನೂ ಸುಖವಾಗಿ ಹೆರಿಸಿದಳು. ಆಮೇಲೆ ಕಂಪನಿಯವರು ಬಂದು ಅವಳ ದೂರಗೈ ಕಸಿದುಕೊಂಡರು. ಹೆಂಗಸು ಸತ್ತಾಗ ಸುಮ್ಮನಿದ್ದವರು ಬೀಗ ಹಾಕಿದಾಗ ಎದ್ದು ಬಂದರು. ಈಗ ಗುಡ್ಡದಿಂದ ಕರೆ ಬಂದರೆ ಅವ್ವ ಬಾಯಿಮಾತಿನಲ್ಲಿ ಹೇಳಿಕೊಡುತ್ತಾಳೆ. ಹೇಳುವಾಗ ಬೆರಳುಗಳು ಖಾಲಿ ಮೇಜಿನ ಮೇಲೆ ಆಡುತ್ತಿರುತ್ತವೆ. ನನಗೆ ನೋಡಲಾಗುವುದಿಲ್ಲ.

ಆದ್ದರಿಂದ ಈ ಕಾಗದ ಕೆಳಗಿಟ್ಟವರೇ ಎದ್ದು ಆ ಪೆಟ್ಟಿಗೆಯ ಪಾಸ್‌ವರ್ಡ್ ಬದಲಿಸಿ. ಬೇಕಿಲ್ಲದ ಬಾಗಿಲು ಮುಚ್ಚಿ. ನಿಮ್ಮ ಕೀಲಿ ನಿಮ್ಮಲ್ಲೇ ಇರಲಿ. ನಾಳೆ ಎಂದರೆ ನೀವು ಮಾಡುವವರಲ್ಲ, ನನಗೆ ಗೊತ್ತು.

ಮೊನ್ನೆ ದುರ್ಗವ್ವ ಫಕೀರವ್ವನ ಆ ಕೂಸನ್ನು ನಮ್ಮ ಮನೆಗೆ ಕರೆತಂದಿದ್ದಳು. ನಿಂಗವ್ವ ಅಂತ ಹೆಸರು. ಈಗ ಮಾತು ಚುರುಕು. ನನ್ನ ಪಕ್ಕ ಕೂತು, “ನಮ್ಮವ್ವ ಯಾಕ ಸತ್ಲು?” ಎಂದು ಕೇಳಿದಳು. ಇದ್ದದ್ದು ಹೇಳಿದೆ: ಭಾಳ ಹಿಂದೆ ಕೆಲವರಿಗೆ ಪಾಸ್‌ವರ್ಡ್ ಬದಲಿಸಲು ಬೇಜಾರಾಗಿತ್ತು ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು.

“ಅಷ್ಟಕ್ಕ?” ಅಂದಳು.

ಅದಕ್ಕೆ ಉತ್ತರ ನೀವು ಕೊಡಬೇಕಾದದ್ದು.

ರುದ್ರಾಣಿ